ಸೇರಿಸಿಕೊಳ್ಳದವರ ಅರ್ಜಿ ಯಾರ ಕೈಯಲ್ಲಿರಬೇಕು? ದಾವಣಗೆರೆಯ ಒಂದು ಗೇಮಿಂಗ್ ಗಿಲ್ಡ್‌ನ ಪ್ರಕರಣ

ಫ್ರೀ ಫೈರ್ ಮ್ಯಾಕ್ಸ್ ಮೊಬೈಲಿನಲ್ಲಿ ಆಡುವ ಶೂಟಿಂಗ್ ಆಟ, ಅದನ್ನು ಜೊತೆಯಾಗಿ ಆಡುವವರ ತಂಡಕ್ಕೆ ಗಿಲ್ಡ್ ಅನ್ನುತ್ತಾರೆ. ದಾವಣಗೆರೆಯ ಅಂಥ ಒಂದು ಗಿಲ್ಡ್ ತನ್ನದೇ ವೆಬ್‌ಸೈಟ್ ಮಾಡಿಕೊಂಡಿತ್ತು. ಸೇರಬೇಕು ಅನ್ನುವವರು ಅದರಲ್ಲಿ ಅರ್ಜಿ ತುಂಬಬೇಕು. ಆ ಅರ್ಜಿಯನ್ನು ಯಾರು ಓದಬಹುದು, ಎಷ್ಟು ದಿನ ಇಟ್ಟುಕೊಳ್ಳಬೇಕು ಅನ್ನುವುದನ್ನು ಯಾರೂ ಯೋಚಿಸಿರಲಿಲ್ಲ. ಅದರಿಂದ ಒಂದು ಮನೆಯವರಿಗೆ ತುಂಬ ತೊಂದರೆಯಾಯಿತು. ಸಣ್ಣ ಅಂಗಡಿ, ಟ್ಯೂಷನ್ ಸೆಂಟರ್‌ಗಳಿಗೆ ವೆಬ್‌ಸೈಟ್ ಮಾಡಿಕೊಡುವುದು ನನ್ನ ಕೆಲಸ. ಗಿಲ್ಡ್‌ನ ಲೀಡರ್ ಸಹಾಯ ಕೇಳಿಕೊಂಡು ಬಂದಾಗ ಈ ವಿಷಯ ನನಗೆ ಗೊತ್ತಾಯಿತು. ಊರೊಂದನ್ನು ಬಿಟ್ಟು ಉಳಿದ ಗುರುತುಗಳನ್ನೆಲ್ಲ ತೆಗೆದು ಬರೆದಿದ್ದೇನೆ. ಗಿಲ್ಡ್‌ನವರೂ ಆ ಮನೆಯವರೂ ಇದಕ್ಕೆ ಒಪ್ಪಿದ್ದಾರೆ.

ಹಿನ್ನೆಲೆ

2022ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ 54 ಆ್ಯಪ್‌ಗಳನ್ನು ನಿಷೇಧಿಸಿದಾಗ ಫ್ರೀ ಫೈರ್ ಕೂಡ ಆ ಪಟ್ಟಿಯಲ್ಲಿತ್ತು. ಅದೇ ಆಟದ ಇನ್ನೊಂದು ಆವೃತ್ತಿಯಾದ ಮ್ಯಾಕ್ಸ್ ಉಳಿಯಿತು, ಆಡುವವರು ಅದಕ್ಕೆ ಹೋದರು. ಆದರೆ ಆ ಕೆಲವು ದಿನ ಈ ಹುಡುಗರಿಗೆ ದೊಡ್ಡ ಭಯ ಹುಟ್ಟಿತ್ತು. ಆ್ಯಪ್ ಹೋದರೆ ಗಿಲ್ಡ್ ಕೂಡ ಹೋಯಿತು, ಯಾರು ಎಲ್ಲಿದ್ದಾರೆ ಅಂತಲೂ ಗೊತ್ತಾಗಲ್ಲ. ನಮ್ಮ ಪಟ್ಟಿ ನಮ್ಮ ಹತ್ತಿರವೇ ಇರಬೇಕು ಅಂತ ಆಗ ಅನ್ನಿಸಿದೆ. ವೆಬ್‌ಸೈಟ್ ಹುಟ್ಟಿದ್ದು ಹೀಗೆ. ಉದ್ದೇಶದಲ್ಲಿ ತಪ್ಪೇನೂ ಇರಲಿಲ್ಲ.

ಗಿಲ್ಡ್‌ನಲ್ಲಿ ವಿದ್ಯಾನಗರದ ಕಡೆ ರೂಮ್ ಮಾಡಿಕೊಂಡಿರುವ ಇಂಜಿನಿಯರಿಂಗ್ ಹುಡುಗರಿದ್ದಾರೆ, ಮಂಡಿಪೇಟೆಯ ಅಂಗಡಿಗಳಲ್ಲಿ ಕೆಲಸ ಮಾಡುವವರಿದ್ದಾರೆ, ಹರಿಹರದಿಂದ, ಹೊಳಲ್ಕೆರೆಯಿಂದ ಆಡುವವರಿದ್ದಾರೆ. ಪಿಯುಸಿ ಓದುವವರೂ ಇದ್ದಾರೆ. ಲೀಡರ್ ಒಬ್ಬ, ಅವನ ಕೆಳಗೆ ಮೂವರು ಆಫೀಸರ್‌ಗಳು. ಸೈಟ್ ಮಾಡಿದ್ದು ವೆಬ್‌ಸೈಟ್ ಕಟ್ಟುವ ಸಾಫ್ಟ್‌ವೇರ್ ಆದ ವರ್ಡ್‌ಪ್ರೆಸ್‌ನಲ್ಲಿ, ಆಫೀಸರ್‌ಗಳಲ್ಲೇ ಒಬ್ಬ. ಆಮೇಲೆ ಅವನು ಗಿಲ್ಡ್ ಬಿಟ್ಟು ಬೆಂಗಳೂರಿಗೆ ಹೋದ.

ಆಟದೊಳಗೆ ಗಿಲ್ಡ್‌ಗೆ ಸೇರಲು ಆಟಗಾರನ ಯುಐಡಿ ಸಾಕು. ಅದು ಆಟದಲ್ಲಿ ಸಿಗುವ ಗುರುತಿನ ಸಂಖ್ಯೆ ಅಷ್ಟೇ. ಆದರೆ ಸೈಟಿನ ಅರ್ಜಿಯಲ್ಲಿ ಹೆಸರು, ವಯಸ್ಸು, ಮೊಬೈಲ್ ನಂಬರ್, ಕಾಲೇಜು ಅಥವಾ ಕೆಲಸ, ಯಾವ ಏರಿಯಾ, ದಿನಕ್ಕೆ ಎಷ್ಟು ಹೊತ್ತು ಆಡುತ್ತೀರಿ, ಹಿಂದಿನ ಗಿಲ್ಡ್ ಯಾಕೆ ಬಿಟ್ಟಿರಿ, ಆಟದ ಸ್ಕ್ರೀನ್‌ಶಾಟ್, ಕಾಲೇಜು ಐಡಿ ಕಾರ್ಡಿನ ಫೋಟೊ, ಎಲ್ಲ ಇತ್ತು. ಯಾಕೆ ಇಷ್ಟೆಲ್ಲ ಅಂತ ಲೀಡರ್‌ನನ್ನು ಕೇಳಿದೆ. "ಬೇರೆ ಗಿಲ್ಡ್‌ನೋರು ಕೇಳ್ತಾರೆ ಅಣ್ಣಾ, ನಾವೂ ಹಾಕಿದ್ವಿ" ಅಂದ. ಐಡಿ ಕಾರ್ಡ್ ಕೇಳಿದ್ದಕ್ಕೆ ಮಾತ್ರ ಒಂದು ಕಾರಣವಿತ್ತು. ಒಮ್ಮೆ ಒಬ್ಬ ಸುಳ್ಳು ಹೆಸರಲ್ಲಿ ಸೇರಿಕೊಂಡು, ಸ್ನೇಹ ಬೆಳೆಸಿ, ಇನ್ನೊಬ್ಬ ಮೆಂಬರ್‌ನಿಂದ ಲಾಗಿನ್ ವಿವರ ತಗೊಂಡು ಅವನ ಅಕೌಂಟನ್ನೇ ಕದ್ದಿದ್ದ. ಅಕೌಂಟ್ ಅಂದರೆ ವರ್ಷಗಟ್ಟಲೆ ಆಡಿದ ಆಟ, ಆಟದೊಳಗಿನ ಹಣವಾದ ಡೈಮಂಡ್‌ಗೆ ಹಾಕಿದ ದುಡ್ಡು. ಅದನ್ನು ಕಳಕೊಂಡ ಹುಡುಗನ ನೋವು ಸಣ್ಣದಲ್ಲ.

ಅರ್ಜಿ ಕಳಿಸಿದ ಕೂಡಲೇ ಅದು 'ಹೊಸ ಅರ್ಜಿಗಳು' ಅನ್ನುವ ಪುಟದಲ್ಲಿ ಬರುತ್ತಿತ್ತು. ಮೆಂಬರ್‌ಗಳು ಓದಿ ಓಟು ಹಾಕಲಿ ಅಂತ ಹಾಗೆ ಮಾಡಿದ್ದರು. ಐಡಿ ಕಾರ್ಡಿನ ಫೋಟೊ ಪುಟದಲ್ಲಿ ಕಾಣುತ್ತಿರಲಿಲ್ಲ, ಉಳಿದದ್ದೆಲ್ಲ ಕಾಣುತ್ತಿತ್ತು. ಆ ಪುಟ ನೋಡಲು ಲಾಗಿನ್ ಬೇಕಿರಲಿಲ್ಲ.

ನಡೆದದ್ದು

16 ವರ್ಷದ ಹುಡುಗಿ, ಮೊದಲ ಪಿಯುಸಿ. ಚೆನ್ನಾಗಿ ಆಡುತ್ತಾಳೆ. ಸ್ವಂತ ಫೋನ್ ಇಲ್ಲ, ಅಮ್ಮನ ಫೋನಿನಲ್ಲೇ ಆಟ. ಅರ್ಜಿಯಲ್ಲಿ ಅಮ್ಮನ ನಂಬರನ್ನೇ ಕೊಟ್ಟಳು. ಲೆವೆಲ್ ಕಡಿಮೆ ಅಂತ ಗಿಲ್ಡ್ ಅವಳನ್ನು ತಗೊಳ್ಳಲಿಲ್ಲ. ಅವಳೂ ಅದನ್ನು ಅಲ್ಲಿಗೇ ಬಿಟ್ಟಳು.

ಅರ್ಜಿ ಮಾತ್ರ ಪುಟದಲ್ಲೇ ಉಳಿಯಿತು. ಕೆಲವು ತಿಂಗಳ ನಂತರ ಒಂದು ಮ್ಯಾಚಿನಲ್ಲಿ ಅವಳ ಎದುರು ಸೋತ ಯಾರೋ ಅವಳ ಆಟದ ಹೆಸರನ್ನು ಗೂಗಲ್‌ನಲ್ಲಿ ಹುಡುಕಿದ. ಆ ವಿಚಿತ್ರ ಸ್ಪೆಲಿಂಗಿನ ಹೆಸರು ಜಗತ್ತಿನಲ್ಲಿ ಇನ್ನೆಲ್ಲೂ ಇರಲಿಲ್ಲ. ಮೊದಲ ಫಲಿತಾಂಶವೇ ಅವಳ ಅರ್ಜಿ. ನಂಬರ್, ಕಾಲೇಜು, ಏರಿಯಾ ಎಲ್ಲ ಒಂದೇ ಕಡೆ ಸಿಕ್ಕಿತು. ಅವನು ಅದನ್ನು ತನ್ನವರಿಗೆ ಹಂಚಿದ.

ತಾಯಿ ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತಾರೆ. ರಾತ್ರಿ ಫೋನ್ ಬಂದರೆ ಬ್ಲೌಸ್ ಕೇಳಲು ಯಾರೋ ಇರಬೇಕು ಅಂತ ಎತ್ತುತ್ತಿದ್ದರು. ಮೊದಮೊದಲು ಆ ಕಡೆಯವರು ಮಾತಾಡದೆ ಇಡುತ್ತಿದ್ದರು. ಆಮೇಲೆ ಒಬ್ಬ ಮಗಳ ಆಟದ ಹೆಸರು ಹೇಳಿ, ಅವಳಿದ್ದಾಳಾ ಅಂತ ಕೇಳಿದ. ಅದಾದ ಮೇಲೆ ವಾಟ್ಸಾಪ್‌ನಲ್ಲಿ ಹೇಳಬಾರದ ಮೆಸೇಜ್‌ಗಳು. ನಂಬರ್ ಬದಲಿಸಿ ಅಂತ ಅಕ್ಕಪಕ್ಕದವರು ಹೇಳಿದರಂತೆ. "ಬ್ಲೌಸ್ ಕೊಡೋರೆಲ್ಲ ಇದೇ ನಂಬರಿಗೆ ಮಾಡ್ತಾರೆ. ಇದನ್ನ ಬಂದ್ ಮಾಡಿದ್ರೆ ನನ್ನ ಕೆಲಸಾನೇ ಬಂದ್" ಅಂದರು ಆ ತಾಯಿ ನನ್ನ ಹತ್ತಿರ. ಇಂಥ ವಿಷಯದಲ್ಲಿ ನಂಬರ್ ಬದಲಿಸಿ ಅಂತ ಸುಲಭವಾಗಿ ಹೇಳುವವರು ಇದನ್ನು ಗಮನಿಸಬೇಕು.

ಮನೆಯಲ್ಲಿ ಬೈಗುಳ ಬಿದ್ದದ್ದು ಹುಡುಗಿಗೆ. ಯಾರಿಗೆ ನಂಬರ್ ಕೊಟ್ಟೆ, ಯಾರ ಜೊತೆ ಮಾತಾಡ್ತೀಯ ಅಂತ. ಅರ್ಜಿ ಹಾಕಿದ್ದೇ ಅವಳಿಗೆ ಮರೆತುಹೋಗಿತ್ತು, ಆದ್ದರಿಂದ ಉತ್ತರವೂ ಇರಲಿಲ್ಲ. ಆಟ ನಿಂತಿತು. ಕಾಲೇಜಿಗೆ ಒಬ್ಬಳನ್ನೇ ಕಳಿಸುವುದಕ್ಕೂ ಅಪ್ಪ ಹಿಂದೆ ಮುಂದೆ ನೋಡಿದರು. ಕೊನೆಗೆ ಚಿಕ್ಕಪ್ಪನ ಮಗ ಕೂತು ಹುಡುಕಿದಾಗ ಪುಟ ಸಿಕ್ಕಿತು. ಅವನು ಲೀಡರ್‌ಗೆ ಫೋನ್ ಮಾಡಿ ಚೆನ್ನಾಗಿ ಬೈದ. ಬೈದದ್ದು ಸರಿಯಾಗೇ ಇತ್ತು.

ಪೊಲೀಸರ ಹತ್ತಿರ ಹೋಗುವ ಮಾತೂ ಬಂತು. ಪ್ರತಿ ಜಿಲ್ಲೆಯಲ್ಲೂ ಇರುವ ಹಾಗೆ ಇಲ್ಲೂ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ ಸಿಇಎನ್ ಠಾಣೆ ಇದೆ. ಸೈಬರ್ ಅಪರಾಧಕ್ಕೆ 1930 ಸಹಾಯವಾಣಿ ಇದೆ, ಮಕ್ಕಳಿಗೆ 1098 ಇದೆ. ಹೆಣ್ಣುಮಗಳೊಬ್ಬಳು ಬೇಡವೆಂದರೂ ಬೆನ್ನುಬಿದ್ದು ಮತ್ತೆ ಮತ್ತೆ ಸಂಪರ್ಕಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಪ್ರಕಾರ ಅಪರಾಧ. ಇದನ್ನೆಲ್ಲ ಮನೆಯವರಿಗೆ ಹೇಳಿದೆವು. ಮೆಸೇಜ್‌ಗಳನ್ನು ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಡಿ ಅಂದೆವು. ಠಾಣೆಗೆ ಹೋಗುವುದೋ ಬೇಡವೋ ಅನ್ನುವ ತೀರ್ಮಾನ ಅವರದು. ಅವರು ಸದ್ಯಕ್ಕೆ ಬೇಡ ಅಂದರು. ನಂಬರ್‌ಗಳನ್ನು ಬ್ಲಾಕ್ ಮಾಡಿದ ಮೇಲೆ ಫೋನ್ ಬರುವುದು ಕಡಿಮೆಯಾಯಿತು, ಪೂರ್ತಿ ನಿಲ್ಲಲು ಸುಮಾರು ಸಮಯ ಹಿಡಿಯಿತು.

ಒಂದು ಅರ್ಜಿ, ಎಷ್ಟು ಪ್ರತಿ

"ಪೇಜ್ ಡಿಲೀಟ್ ಮಾಡಿದೆ ಅಣ್ಣಾ, ಮುಗೀತಲ್ವಾ?" ಅಂತ ಲೀಡರ್ ಕೇಳಿದ. ಮುಗಿದಿರಲಿಲ್ಲ. ಅವಳ ಒಂದು ಅರ್ಜಿ ಎಲ್ಲೆಲ್ಲಿ ಹೋಗಿದೆ ಅಂತ ಕೂತು ಹುಡುಕಿದೆವು. ಈ ಪ್ರಕರಣದಲ್ಲಿ ಎಲ್ಲರೂ ತಿಳಿಯಬೇಕಾದ ಭಾಗ ಇದೇ.

ಮೊದಲನೆಯದು ಐಡಿ ಕಾರ್ಡಿನ ಫೋಟೊ. ವರ್ಡ್‌ಪ್ರೆಸ್‌ನಲ್ಲಿ ಅಪ್‌ಲೋಡ್ ಆದ ಚಿತ್ರಗಳು ಸಾಮಾನ್ಯವಾಗಿ ವರ್ಷ, ತಿಂಗಳಿನ ಹೆಸರಿನ ಫೋಲ್ಡರ್‌ಗೆ ಹೋಗಿ ಕೂರುತ್ತವೆ. ಪುಟವನ್ನು 'ಪ್ರೈವೇಟ್' ಮಾಡಿದರೂ, ಅಳಿಸಿದರೂ ಚಿತ್ರ ಅಲ್ಲೇ ಇರುತ್ತದೆ. ಅದರ ವಿಳಾಸ ಗೊತ್ತಿರುವ ಯಾರಾದರೂ ಲಾಗಿನ್ ಇಲ್ಲದೆ ತೆಗೆಯಬಹುದು. ಆ ಫೋಲ್ಡರ್‌ನಲ್ಲಿ ಅವಳದಷ್ಟೇ ಅಲ್ಲ, ಅದುವರೆಗೆ ಅರ್ಜಿ ಹಾಕಿದ ಎಲ್ಲರ ಕಾರ್ಡುಗಳಿದ್ದವು. ನೋಡಿ ಲೀಡರ್‌ನ ಮುಖ ಬಾಡಿತು. ಪುಟದಲ್ಲಿ ಕಾಣುತ್ತಿಲ್ಲ ಅಂದರೆ ಭದ್ರವಾಗಿದೆ ಅಂತಲೇ ಅವನು ನಂಬಿದ್ದ.

ಎರಡನೆಯದು ಇಮೇಲ್. ಪ್ರತಿ ಅರ್ಜಿಯ ಪೂರ್ತಿ ಪ್ರತಿ ಗಿಲ್ಡ್‌ನ ಜಿಮೇಲ್‌ಗೆ ಹೋಗುತ್ತಿತ್ತು. ಅದರ ಪಾಸ್‌ವರ್ಡ್ ನಾಲ್ವರಿಗೆ ಗೊತ್ತಿತ್ತು, ಬಿಟ್ಟು ಹೋದವನಿಗೂ ಸೇರಿ. ಪಾಸ್‌ವರ್ಡ್ ಬದಲಿಸಿ, ಎಲ್ಲ ಫೋನುಗಳಿಂದ ಸೈನ್ ಔಟ್ ಮಾಡಿಸಿದೆವು. ಅರ್ಜಿ ತುಂಬಿಸಿಕೊಳ್ಳಲು ಸೈಟಿಗೆ ಸೇರಿಸಿದ್ದ ಫಾರ್ಮ್ ಪ್ಲಗಿನ್ ತನ್ನದೇ ಒಂದು ಪ್ರತಿಯನ್ನು ಡೇಟಾಬೇಸ್‌ನಲ್ಲಿ ಇಟ್ಟುಕೊಂಡಿತ್ತು. ವಾರಕ್ಕೊಮ್ಮೆ ಆಗುವ ಬ್ಯಾಕಪ್‌ನಲ್ಲಿ ಮತ್ತೊಂದು. ಸೈಟ್‌ಗೂ ಮುಂಚೆ ಬಳಸುತ್ತಿದ್ದ ಗೂಗಲ್ ಫಾರ್ಮ್ ಒಂದು ಇನ್ನೂ ಹಾಗೇ ತೆರೆದಿತ್ತು. ಅದರ ಉತ್ತರಗಳು ಸೇರುವ ಶೀಟ್‌ನಲ್ಲಿ ಸಾಲು ಅಳಿಸಿದರೆ ಫಾರ್ಮಿನೊಳಗಿನ ಉತ್ತರ ಹೋಗುವುದಿಲ್ಲ, ಫಾರ್ಮಿನಲ್ಲಿ ಅಳಿಸಿದರೆ ಶೀಟಿನದು ಹೋಗುವುದಿಲ್ಲ. ಫಾರ್ಮ್ ಮೂಲಕ ಬಂದ ಫೈಲುಗಳು ಡ್ರೈವ್‌ನಲ್ಲಿ ಬೇರೆಯೇ ಇರುತ್ತವೆ. ಮೂರೂ ಕಡೆ ಅಳಿಸಬೇಕು. ಅಷ್ಟೇ ಅಲ್ಲ, ಫಲಿತಾಂಶದ ಸಾರಾಂಶವನ್ನು ತುಂಬಿದವರಿಗೆಲ್ಲ ತೋರಿಸುವ ಸೆಟ್ಟಿಂಗ್ ಆ ಫಾರ್ಮಿನಲ್ಲಿ ಆನ್ ಆಗಿತ್ತು. ಅಂದರೆ ಒಬ್ಬರು ಅರ್ಜಿ ಹಾಕಿದ ಮೇಲೆ ಹಿಂದಿನವರು ಬರೆದದ್ದನ್ನೆಲ್ಲ ನೋಡಬಹುದಿತ್ತು.

ಗೂಗಲ್ ಹುಡುಕಾಟದಿಂದ ಪುಟ ತೆಗೆಸುವುದು ಬೇರೆ ಕೆಲಸ. ಸೈಟ್ ಮಾಲೀಕರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ಕೋರಿದರೆ ಬೇಗ ಮರೆಯಾಗುತ್ತದೆ, ಆದರೆ ಅದು ಸುಮಾರು ಆರು ತಿಂಗಳ ಮಟ್ಟಿಗೆ ಮಾತ್ರ. ಅಷ್ಟರೊಳಗೆ ಪುಟ ನಿಜವಾಗಿ ಇಲ್ಲವಾಗಿರಬೇಕು ಅಥವಾ ಲಾಗಿನ್ ಹಿಂದೆ ಹೋಗಿರಬೇಕು. ಸೈಟ್ ಮಾಡಿದ ಹುಡುಗ ರೋಬೋಟ್ಸ್ ಫೈಲಿನಲ್ಲಿ 'ಇಲ್ಲಿಗೆ ಬರಬೇಡ' ಅಂತ ಬರೆದಿದ್ದರೆ ಸಾಕಿತ್ತಲ್ವಾ ಅಂತ ಒಬ್ಬ ಆಫೀಸರ್ ಕೇಳಿದ. ಸಾಲದು. ಆ ಫೈಲ್ ಸರ್ಚ್ ಇಂಜಿನ್‌ಗೆ ಮಾಡುವ ವಿನಂತಿ, ಬೀಗ ಅಲ್ಲ. ಯಾರು ಬೇಕಾದರೂ ತೆರೆದು ಓದಬಹುದಾದ ಆ ಫೈಲಿನಲ್ಲಿ ಅರ್ಜಿಗಳ ಫೋಲ್ಡರ್ ಹೆಸರು ಬರೆದರೆ, ಹುಡುಕುವವನಿಗೆ ನಾವೇ ದಾರಿ ತೋರಿಸಿದಂತೆ.

ಕೊನೆಯದು ವಾಟ್ಸಾಪ್. ಆಫೀಸರ್‌ಗಳ ಗ್ರೂಪಿನಲ್ಲಿ ಅರ್ಜಿಯ ಸ್ಕ್ರೀನ್‌ಶಾಟ್ ಹಾಕಿ ಚರ್ಚೆ ಮಾಡುತ್ತಿದ್ದರು. ಅವಳ ಅರ್ಜಿಯ ಕೆಳಗೆ ಅವಳ ಆಟದ ಬಗ್ಗೆ ಇದ್ದದ್ದು ಒಂದೇ ಸಾಲು. ಉಳಿದದ್ದು ಅವಳು ಹುಡುಗಿ ಅನ್ನುವುದರ ಬಗ್ಗೆ. ಇಲ್ಲಿ ಅದನ್ನು ಬರೆಯಲು ನನಗೆ ಮನಸ್ಸಿಲ್ಲ. ಕಳಿಸಿ ಸುಮಾರು ಎರಡೂವರೆ ದಿನ ಕಳೆದ ಮೇಲೆ 'ಎಲ್ಲರಿಗೂ ಅಳಿಸು' ಅನ್ನುವ ಆಯ್ಕೆ ಸಿಗುವುದಿಲ್ಲ. ಹಾಗಾಗಿ ಪ್ರತಿಯೊಬ್ಬನೂ ತನ್ನ ಫೋನಿನಲ್ಲಿ, ಗ್ಯಾಲರಿಯಲ್ಲಿ ಕೈಯಾರೆ ಅಳಿಸಬೇಕಾಯಿತು. ಲೀಡರ್ ಎದುರಿಗೆ ಕೂರಿಸಿಕೊಂಡು ಅಳಿಸಿಸಿದ. ಆ ವಿಷಯದಲ್ಲಿ ಅವನ ಮೇಲೆ ನನಗೆ ಗೌರವ ಬಂತು.

ವಾದ

ಆಮೇಲೆ ಮುಂದೇನು ಅಂತ ಗಿಲ್ಡ್‌ನವರೆಲ್ಲ ಸೇರಿದರು. ಜಯದೇವ ಸರ್ಕಲ್ ಹತ್ತಿರ ಒಂದು ಟ್ಯೂಷನ್ ಸೆಂಟರ್‌ನ ಕೋಣೆ ಸಿಕ್ಕಿತ್ತು, ಮಿರ್ಚಿ ಮಂಡಕ್ಕಿ ತರಿಸಿದ್ದರು. ಮಾತು ಮಾತ್ರ ಬಿಸಿಯಾಯಿತು.

ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬ ಹಿರಿಯ ಮೆಂಬರ್ ಎದ್ದು, ಅರ್ಜಿ ಮುಚ್ಚಿಡುವುದಕ್ಕೆ ನಾನು ಒಪ್ಪಲ್ಲ ಅಂದ. ಅಕೌಂಟ್ ಕಳಕೊಂಡಿದ್ದು ಅವನ ತಮ್ಮ. "ಯಾರು ಬರ್ತಾರೆ ಅಂತ ನಮಗೆಲ್ಲ ಗೊತ್ತಾಗಬೇಕು. ನಾಲ್ಕು ಜನ ಒಳಗೊಳಗೇ ತೀರ್ಮಾನ ಮಾಡಿದ್ರೆ ತಮಗೆ ಬೇಕಾದೋರನ್ನ ಸೇರಿಸ್ಕೋತಾರೆ. ಎಲ್ಲರೂ ನೋಡ್ತಿದ್ರೆ ಕಳ್ಳ ಯಾರು ಅಂತ ಯಾರಾದ್ರೂ ಒಬ್ಬ ಗುರುತು ಹಿಡೀತಾನೆ." ಇದು ತಳ್ಳಿಹಾಕುವ ಮಾತಲ್ಲ. ತೆರೆದ ಅರ್ಜಿಯಿಂದ ಪಕ್ಷಪಾತ ಕಡಿಮೆಯಾಗುತ್ತದೆ. ಹಳೇ ಮೋಸಗಾರ ಹೊಸ ಹೆಸರಲ್ಲಿ ಬಂದರೆ ಅವನ ಜೊತೆ ಆಡಿದವರಿಗೆ ಬೇಗ ಅನುಮಾನ ಬರುತ್ತದೆ.

ನಾನು ಅವನಿಗೆ ಕೇಳಿದ್ದು ಒಂದೇ. ಆ ಕಳ್ಳನನ್ನು ಗುರುತು ಹಿಡಿಯಲು ಅರ್ಜಿಯ ಯಾವ ಸಾಲು ಸಹಾಯ ಮಾಡುತ್ತಿತ್ತು? ಯುಐಡಿ, ಆಟದ ಹೆಸರು, ಹಿಂದಿನ ಗಿಲ್ಡ್, ಆಡುವ ರೀತಿ. ಏರಿಯಾ ಸಹಾಯ ಮಾಡುತ್ತಿತ್ತಾ? ಕಾಲೇಜು? ಅಮ್ಮನ ನಂಬರು? ಐಡಿ ಕಾರ್ಡಂತೂ ಮೋಸಗಾರ ಬೇರೆ ಯಾರದ್ದೋ ಹಾಕಬಹುದು. ಪ್ರಾಮಾಣಿಕವಾಗಿ ತನ್ನದನ್ನೇ ಹಾಕಿದ ಹುಡುಗಿಗೆ ಮಾತ್ರ ಅದರಿಂದ ಅಪಾಯ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಆಟದ ವಿಷಯ ಎಲ್ಲರಿಗೂ ಕಾಣಲಿ, ಮನೆ ವಿಷಯ ಬೇಡ" ಅಂದ. ಇಡೀ ಹೊಸ ವ್ಯವಸ್ಥೆ ನಿಂತಿರುವುದು ಅವನ ಈ ಮಾತಿನ ಮೇಲೆ.

ಇನ್ನೊಂದು ಮಾತನ್ನು ಕಾಲೇಜು ಹುಡುಗಿಯೊಬ್ಬಳು ಎತ್ತಿದಳು, ಗಿಲ್ಡ್‌ನ ಕೆಲವೇ ಹೆಣ್ಣುಮಕ್ಕಳಲ್ಲಿ ಒಬ್ಬಳು. ಸೇರಿದವರು ತಮ್ಮ ವಿಷಯ ತೆಗೆಯಿರಿ ಅಂತ ಗ್ರೂಪಿನಲ್ಲೇ ಕೇಳಬಹುದು. ಸೇರಿಸಿಕೊಳ್ಳದವರು ಯಾರನ್ನು ಕೇಳಬೇಕು? ಅವರಿಗೆ ಲಾಗಿನ್ ಇಲ್ಲ, ಗ್ರೂಪ್ ಇಲ್ಲ, ಲೀಡರ್ ನಂಬರ್ ಇಲ್ಲ. ನಾವೇ ಬೇಡ ಅಂದು ಬಿಟ್ಟವರ ವಿವರವನ್ನು ನಾವು ಯಾವ ಹಕ್ಕಿನಿಂದ ಇಟ್ಟುಕೊಂಡಿದ್ದೇವೆ? ಕೋಣೆಯಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ನನ್ನ ಅಭಿಪ್ರಾಯದಲ್ಲಿ ಈ ಇಡೀ ಪ್ರಕರಣದ ಮುಖ್ಯ ಪ್ರಶ್ನೆ ಇದು. ಗಿಲ್ಡ್‌ಗೆ ಮಾತ್ರ ಅಲ್ಲ, ಅರ್ಜಿ ತಗೊಳ್ಳುವ ಸಂಘ, ಹಾಸ್ಟೆಲ್, ಕ್ರಿಕೆಟ್ ಕ್ಲಬ್ ಎಲ್ಲದಕ್ಕೂ ಅನ್ವಯಿಸುತ್ತದೆ. ಒಳಗೆ ಬಂದವರ ಬಗ್ಗೆ ನಿಯಮ ಇರುತ್ತದೆ. ಹೊರಗೆ ಉಳಿದವರ ಕಾಗದ ಯಾರಿಗೂ ನೆನಪಿರುವುದಿಲ್ಲ.

ಕಾನೂನು

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್‌ನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಪ್ರಕರಣದ ಮುಖ್ಯ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದಾದ ಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಬಂದವು. ಮುಖ್ಯ ಹೊಣೆಗಳು ಜಾರಿಯಾಗಲು 18 ತಿಂಗಳ ಕಾಲಾವಕಾಶ ಇದೆ.

ನಾವು ಸುಮ್ನೆ ಆಟ ಆಡೋರು, ನಮಗೇನು ಕಾಯ್ದೆ ಅಂತ ಹುಡುಗರು ಕೇಳಿದರು. ಒಬ್ಬ ವ್ಯಕ್ತಿ ತನ್ನ ಸ್ವಂತ ಅಥವಾ ಮನೆಯ ಕೆಲಸಕ್ಕೆ ಇಟ್ಟುಕೊಂಡ ವಿವರಕ್ಕೆ ಈ ಕಾಯ್ದೆ ಅನ್ವಯಿಸುವುದಿಲ್ಲ, ನಿಜ. ಆದರೆ ನೋಂದಣಿ ಆಗದ ಗುಂಪನ್ನೂ ಅದು 'ವ್ಯಕ್ತಿ' ಅಂತಲೇ ಎಣಿಸುತ್ತದೆ. ಅಪರಿಚಿತರಿಂದ ಫಾರ್ಮ್ ತುಂಬಿಸಿಕೊಳ್ಳುವ ಗಿಲ್ಡ್ ಆ ವಿನಾಯಿತಿಯನ್ನು ನಂಬಿ ಕೂರಬಾರದು ಅಂತ ನಾನು ಹೇಳಿದೆ. ಕೆಲಸ ಮುಗಿದ ಮೇಲೆ ವಿವರ ಅಳಿಸಬೇಕು ಅನ್ನುತ್ತದೆ ಕಾಯ್ದೆ. ನನ್ನ ಬಗ್ಗೆ ಏನು ಇಟ್ಟುಕೊಂಡಿದ್ದೀರಿ ಅಂತ ಕೇಳುವ ಹಕ್ಕು ಕೊಡುತ್ತದೆ. 18 ತುಂಬದವರನ್ನು ಮಕ್ಕಳು ಅಂತ ಪರಿಗಣಿಸಿ, ಅವರ ವಿವರ ಬಳಸಲು ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು ಅನ್ನುತ್ತದೆ. ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಆ ಅಂಕಿ ಹೇಳಿ ಹುಡುಗರನ್ನು ಹೆದರಿಸಬೇಕಾದ ಅಗತ್ಯ ನನಗೆ ಕಾಣಲಿಲ್ಲ. ಆ ತಾಯಿಯ ಫೋನಿನ ಕಥೆ ಕೇಳಿದ ಮೇಲೆ ಅವರಿಗೆ ವಿಷಯ ಅರ್ಥವಾಗಿತ್ತು.

ಹೊಸ ವ್ಯವಸ್ಥೆ

ಅರ್ಜಿಯನ್ನು ಎರಡು ಭಾಗ ಮಾಡಿದರು. ಆಟದ ಹೆಸರು, ಯುಐಡಿ, ಲೆವೆಲ್, ಆಡುವ ಸಮಯ, ಹಿಂದಿನ ಗಿಲ್ಡ್ ಇಷ್ಟು ಲಾಗಿನ್ ಆದ ಮೆಂಬರ್‌ಗಳಿಗೆ ಕಾಣುತ್ತದೆ. ಹೊರಗಿನವರಿಗೆ ಏನೂ ಕಾಣುವುದಿಲ್ಲ. ಸಂಪರ್ಕಕ್ಕೆ ಒಂದು ಇಮೇಲ್ ವಿಳಾಸ, ಅದು ಇಬ್ಬರಿಗೆ ಮಾತ್ರ. ಒಬ್ಬ ಲೀಡರ್, ಇನ್ನೊಬ್ಬಳು ಆ ಪ್ರಶ್ನೆ ಕೇಳಿದ ಹುಡುಗಿ. ಅವಳನ್ನು ಹೊಸದಾಗಿ ಆಫೀಸರ್ ಮಾಡಿದರು. ಕಾಲೇಜು, ಏರಿಯಾ, ಮೊಬೈಲ್, ಐಡಿ ಕಾರ್ಡ್ ಕೇಳುವುದನ್ನು ಬಿಟ್ಟರು. ಕೇಳದೇ ಇದ್ದದ್ದು ಸೋರುವುದಿಲ್ಲ.

ಹಿಂದಿನ ಗಿಲ್ಡ್ ಯಾಕೆ ಬಿಟ್ಟಿರಿ ಅನ್ನುವ ಪ್ರಶ್ನೆಯ ಬಗ್ಗೆ ತುಂಬ ಹೊತ್ತು ಮಾತಾಯಿತು. ಅದಕ್ಕೆ ಜನ ಮನಸ್ಸು ಬಿಚ್ಚಿ ಬರೆಯುತ್ತಾರೆ. ಅಲ್ಲಿನ ಲೀಡರ್ ದುಡ್ಡು ಇಸ್ಕೊಂಡ, ವಾಯ್ಸ್‌ನಲ್ಲಿ ಬೈದ ಅಂತ. ಇದೇ ಊರಿನಲ್ಲಿ ಆಡುವವರು, ನಾಳೆ ಎದುರುಬದುರು ಸಿಗುವವರು. ಆ ಉತ್ತರ ಹಳೇ ಗಿಲ್ಡ್‌ನವರ ಕೈಗೆ ಹೋದರೆ ಜಗಳ ಖಂಡಿತ. ಆದ್ದರಿಂದ ಇದನ್ನು ಬರಹದಲ್ಲಿ ಕೇಳದೆ, ಆಡಿಸಿ ನೋಡುವ ದಿನ ಬಾಯಿಮಾತಿನಲ್ಲಿ ಕೇಳುವುದು ಅಂತಾಯಿತು.

ಆಫೀಸರ್‌ಗಳು ಷರಾ ಬರೆಯುವುದಕ್ಕೂ ಒಂದು ನಿಯಮ ಬಂತು. ಅರ್ಜಿ ಹಾಕಿದವರೇ ಬಂದು ತೋರಿಸಿ ಅಂದರೆ ತೋರಿಸಲು ಆಗುವಂಥದ್ದನ್ನು ಮಾತ್ರ ಬರೆಯಬೇಕು. ಸೇರಿಸಿಕೊಳ್ಳದವರ ಅರ್ಜಿ 30 ದಿನಕ್ಕೆ ಅಳಿಸಬೇಕು. ಚೀಟಿಂಗ್ ಮಾಡಿ ಸಿಕ್ಕಿಬಿದ್ದವರನ್ನು ನೆನಪಿಟ್ಟುಕೊಳ್ಳಲು ಯುಐಡಿ, ತಾರೀಖು, ಕಾರಣದ ಒಂದು ಪದ ಸಾಕು. ಬ್ಯಾಕಪ್ ಕೂಡ 30 ದಿನ ಮೀರಿ ಇಡುವುದಿಲ್ಲ. ಇಲ್ಲದಿದ್ದರೆ ಅಳಿಸಿದ್ದು ಬ್ಯಾಕಪ್‌ನಿಂದ ಮತ್ತೆ ಎದ್ದು ಬರುತ್ತದೆ.

ಹಳೇ ಅರ್ಜಿದಾರರಿಗೆ ಹೇಳಿದ್ದು

ಅಳಿಸುವ ಮುಂಚೆ ಎಲ್ಲರಿಗೂ ತಿಳಿಸಬೇಕು ಅಂತ ನಾನು ಹಟ ಹಿಡಿದೆ. ಲೀಡರ್‌ಗೆ ಇಷ್ಟವಿರಲಿಲ್ಲ, ಗಿಲ್ಡ್ ಹೆಸರು ಹಾಳಾಗುತ್ತೆ ಅಂದ. ಆದರೆ ತನ್ನ ನಂಬರ್ ತೆರೆದ ಪುಟದಲ್ಲಿತ್ತು ಅಂತ ಗೊತ್ತಿದ್ದರೆ ತಾನೇ ಮುಂದೆ ಅಪರಿಚಿತ ಫೋನ್ ಬಂದಾಗ ಕಾರಣ ಹೊಳೆಯುವುದು? ಆ ಹುಡುಗಿಗೆ ಮೊದಲೇ ತಿಳಿಸಿದ್ದರೆ ಮನೆಯಲ್ಲಿ ಅವಳ ಮೇಲೆ ಅನುಮಾನ ಬರುತ್ತಿರಲಿಲ್ಲ. ಕೊನೆಗೆ ಒಂದು ಚಿಕ್ಕ ಮೆಸೇಜ್ ಬರೆದರು. ನಿಮ್ಮ ಯಾವ ವಿವರ ಕಾಣುತ್ತಿತ್ತು, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಈಗ ಏನು ಮಾಡಿದ್ದೇವೆ, ತೊಂದರೆಯಾಗಿದ್ದರೆ ಯಾರಿಗೆ ಹೇಳಬೇಕು. ಕ್ಷಮೆ ಕೇಳಿದ ಸಾಲು ಮೊದಲಿಗೇ ಇತ್ತು. ಎಲ್ಲರ ನಂಬರ್ ಎಲ್ಲರಿಗೂ ಕಾಣುವ ಹೊಸ ಗ್ರೂಪ್ ಮಾಡದೆ, ಒಬ್ಬೊಬ್ಬರಿಗೇ ಬೇರೆ ಬೇರೆ ಕಳಿಸಿದರು.

ಬಂದ ಉತ್ತರಗಳಲ್ಲಿ ಸಿಟ್ಟು ಕಡಿಮೆಯೇ ಇತ್ತು. ಕೆಲವರಿಗೆ ಅರ್ಜಿ ಹಾಕಿದ್ದೇ ನೆನಪಿರಲಿಲ್ಲ. ಜಗಳೂರಿನ ಒಬ್ಬ ತನಗೂ ಹಾಗೇ ಗೊತ್ತಿಲ್ಲದ ಫೋನ್ ಬರುತ್ತಿತ್ತು, ಯಾಕೆ ಅಂತ ಈಗ ಗೊತ್ತಾಯಿತು ಅಂದ. ಆ ಉತ್ತರ ಓದಿದ ಮೇಲೆ ಹೆಸರು ಹಾಳಾಗುವ ಮಾತನ್ನು ಲೀಡರ್ ಮತ್ತೆ ಆಡಲಿಲ್ಲ.

ಹುಡುಗಿಯ ಮನೆಗೆ ಲೀಡರ್ ಮತ್ತು ಹೊಸ ಆಫೀಸರ್ ಹೋಗಿ ಕ್ಷಮೆ ಕೇಳಿದರು. ಇದರಲ್ಲಿ ನಿಮ್ಮ ಮಗಳ ತಪ್ಪಿಲ್ಲ, ನಮ್ಮದು ಅಂತ ಅಪ್ಪನ ಎದುರೇ ಹೇಳಿದರು. ಅವಳಿಗೆ ಬೇಕಾಗಿದ್ದದ್ದು ಅದೇ ಮಾತು ಅಂತ ಆಮೇಲೆ ತಾಯಿ ನನಗೆ ಹೇಳಿದರು. ಅವಳು ಈಗ ಮತ್ತೆ ಆಡುತ್ತಾಳೆ, ಬೇರೆ ಹೆಸರಿನಲ್ಲಿ.

ಇನ್ನೂ ತೀರದ ಎರಡು ವಿಷಯ ಇವೆ. ಬೆಂಗಳೂರಿಗೆ ಹೋದ ಹುಡುಗನ ಲ್ಯಾಪ್‌ಟಾಪಿನಲ್ಲಿ ಹಳೇ ಬ್ಯಾಕಪ್ ಒಂದಿತ್ತು. ಅಳಿಸಿದ್ದೇನೆ ಅಂತ ಬರೆದು ಕಳಿಸಿದ್ದಾನೆ, ಅದನ್ನು ಪರೀಕ್ಷಿಸುವ ದಾರಿ ಯಾರಿಗೂ ಇಲ್ಲ. ಎರಡನೆಯದು 18ರ ಒಳಗಿನವರದು. ಪೋಷಕರ ಒಪ್ಪಿಗೆ ತಗೊಳ್ಳಬೇಕೆಂದರೆ ಪೋಷಕರ ನಂಬರ್, ಗುರುತು ಮತ್ತೆ ಕೇಳಬೇಕು, ಬಿಟ್ಟ ವಿವರವೇ ಮತ್ತೆ ಕೈಗೆ ಬರುತ್ತದೆ. ಸದ್ಯಕ್ಕೆ ಅವರು ಸೈಟಿನಲ್ಲಿ ಅರ್ಜಿ ಹಾಕುವ ಹಾಗಿಲ್ಲ, ಆಟದೊಳಗೇ ಯುಐಡಿಯಿಂದ ವಿನಂತಿ ಕಳಿಸಬಹುದು, ವಾಟ್ಸಾಪ್ ಗ್ರೂಪಿಗೆ ಸೇರಿಸುವುದಿಲ್ಲ ಅಂತ ಇಟ್ಟಿದ್ದಾರೆ. ಇದು ಪಿಯುಸಿ ಮಕ್ಕಳನ್ನು ಪಕ್ಕಕ್ಕೆ ತಳ್ಳಿದಂತೆ ಅಂತ ಹೊಸ ಆಫೀಸರ್‌ಳ ತಕರಾರು ಇದೆ. ಮಕ್ಕಳ ವಿವರ ಇಟ್ಟುಕೊಳ್ಳದಿರುವುದೇ ಈಗಿನ ಮಟ್ಟಿಗೆ ಒಳ್ಳೆಯದು ಅನ್ನುವುದು ನನ್ನ ನಿಲುವು. ಪರೀಕ್ಷೆಗಳು ಮುಗಿದ ಮೇಲೆ ಮತ್ತೆ ಕೂತು ಮಾತಾಡುವುದು ಅಂತ ತೀರ್ಮಾನವಾಗಿದೆ, ಈ ಸಲ ಗಿಲ್ಡ್‌ನಲ್ಲಿರುವ ಮಕ್ಕಳ ಅಪ್ಪ ಅಮ್ಮಂದಿರಲ್ಲಿ ಬರಲು ಒಪ್ಪಿದವರನ್ನೂ ಕರೆದು.